ಹುಬ್ಬಳ್ಳಿಯಲ್ಲಿ ಕುಳಿತು ಕಲಾಮೇಳ ನೋಡುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗಕ್ಕೆ ಚಿತ್ರಕಲೆ ಹೊಸದಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿಯವರು ಕಟ್ಟಿ ಬೆಳೆಸಿದ ಕಲಾಶಾಲೆಗಳಿಂದ ಹೊರಬಂದ ಚಿತ್ರಕಲಾ ಶಿಕ್ಷಕರು ಈ ಭಾಗದ ಹೈಸ್ಕೂಲುಗಳಲ್ಲಿ ಹಲವು ತಲೆಮಾರುಗಳಿಗೆ ಕುಂಚ ಹಿಡಿಯುವುದನ್ನು ಕಲಿಸಿದ್ದಾರೆ. ಆದರೆ ಇಂದಿನ ಕಲಾವಿದರು ಯಾವ ಸಾಮಗ್ರಿಯಲ್ಲಿ, ಯಾವ ಯೋಚನೆಯಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ಕಣ್ಣಾರೆ ನೋಡಬೇಕೆಂದರೆ ನಮ್ಮವರು ಬೆಂಗಳೂರಿಗೋ ಮುಂಬೈಗೋ ಹೋಗಬೇಕಿತ್ತು. ಹೋದರೂ ಗ್ಯಾಲರಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಡಲು ಅನೇಕರಿಗೆ ಸಂಕೋಚವಾಗುತ್ತಿತ್ತು. ಆನ್‌ಲೈನ್ ಕಲಾಮೇಳಗಳು ಆ ದೂರವನ್ನೂ ಆ ಸಂಕೋಚವನ್ನೂ ಬಹಳ ಮಟ್ಟಿಗೆ ಕಡಿಮೆ ಮಾಡಿವೆ. ಅವುಗಳನ್ನು ಅಂಗಡಿಯಂತೆ ನೋಡದೆ ಹೆಸರುಗಳ ಸೂಚಿಯಂತೆ ಬಳಸಿಕೊಳ್ಳುವುದು ಹೇಗೆ ಎಂಬುದನ್ನು ಹೇಳಲು ಈ ಬರಹ.

ಈ ಮೇಳಗಳು ಇಂದಿನ ರೂಪಕ್ಕೆ ಬಂದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ ಹಾಂಗ್‌ಕಾಂಗ್‌ನ ಆರ್ಟ್ ಬಾಸೆಲ್ ಮೇಳ ರದ್ದಾದಾಗ ಅದರ ಬದಲಿಗೆ ‘ಆನ್‌ಲೈನ್ ವ್ಯೂಯಿಂಗ್ ರೂಮ್’ಗಳು, ಅಂದರೆ ಗ್ಯಾಲರಿಗಳು ಕೃತಿಗಳನ್ನು ತೋರಿಸುವ ಜಾಲಪುಟಗಳು, ತೆರೆದವು; 235 ಗ್ಯಾಲರಿಗಳು ಎರಡು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಅಲ್ಲಿ ಇಟ್ಟಿದ್ದವು. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಫ್ರೀಝ್ ಮೇಳವೂ ಆನ್‌ಲೈನ್‌ಗೆ ಬಂತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದ ಚಿತ್ರಸಂತೆ ಕೂಡ 2021ರಲ್ಲಿ ಆನ್‌ಲೈನ್‌ನಲ್ಲೇ ನಡೆಯಿತು. ಮೇಳಗಳು ಮತ್ತೆ ಬಯಲಿಗೆ ಮರಳಿದ ಮೇಲೂ ಗ್ಯಾಲರಿಗಳು ತಮ್ಮ ಕೃತಿಗಳನ್ನು ಆನ್‌ಲೈನ್‌ನಲ್ಲಿ ತೋರಿಸುವ ರೂಢಿಯನ್ನು ಕೈಬಿಡಲಿಲ್ಲ, ಅದರ ಲಾಭ ನಮಗಿದೆ.

ಮೊದಲ ಕೆಲಸ ಮೇಳವನ್ನು ಆರಿಸಿಕೊಳ್ಳುವುದು. ವರ್ಷಕ್ಕೆ ಎರಡು ಸಾಕು. ಒಂದು ನಮ್ಮ ದೇಶದ್ದು, ಒಂದು ಹೊರಗಿನದು. ದೆಹಲಿಯ ಇಂಡಿಯಾ ಆರ್ಟ್ ಫೇರ್ 2008ರಲ್ಲಿ ಆರಂಭವಾದದ್ದು, ಸಾಮಾನ್ಯವಾಗಿ ಫೆಬ್ರುವರಿಯ ಆಸುಪಾಸಿನಲ್ಲಿ ನಡೆಯುತ್ತದೆ. ಮುಂಬೈಯ ಆರ್ಟ್ ಮುಂಬೈ ಶುರುವಾದದ್ದು 2023ರ ನವೆಂಬರ್‌ನಲ್ಲಿ. ಹೊರಗಿನವುಗಳಲ್ಲಿ ಲಂಡನ್ನಿನ ಫ್ರೀಝ್ ಅಕ್ಟೋಬರ್‌ನಲ್ಲಿ, ಸ್ವಿಟ್ಜರ್ಲೆಂಡಿನ ಆರ್ಟ್ ಬಾಸೆಲ್ ಜೂನ್‌ನಲ್ಲಿ ಬರುತ್ತವೆ. ಕಡಿಮೆ ಬೆಲೆಯ ಕೃತಿಗಳನ್ನು ನೋಡಬೇಕೆನ್ನುವವರು 1999ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅಫೋರ್ಡಬಲ್ ಆರ್ಟ್ ಫೇರ್ ನೋಡಬಹುದು. ಅಲ್ಲಿ ಬೆಲೆಯನ್ನು ಮುಚ್ಚಿಡುವ ಪದ್ಧತಿಯಿಲ್ಲ. ಮೇಳದ ಜಾಲತಾಣದಲ್ಲಿ ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ದಿನಾಂಕಗಳೂ ಗ್ಯಾಲರಿಗಳ ಪಟ್ಟಿಯೂ ಮನೆಗೇ ಬರುತ್ತವೆ. ಕೆಲವು ವ್ಯೂಯಿಂಗ್ ರೂಮ್‌ಗಳು ಮೇಳ ಮುಗಿದ ಕೆಲವೇ ದಿನಗಳಲ್ಲಿ ಮುಚ್ಚಿಹೋಗುವುದರಿಂದ ನೋಡಿದ್ದನ್ನು ಅಂದೇ ಬರೆದಿಟ್ಟುಕೊಳ್ಳುವುದು ಅವಶ್ಯ.

ಬರೆದಿಡಲು ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಬಿಟ್ಟರೆ ಅವು ಮದುವೆಯ ಫೋಟೋಗಳ ನಡುವೆ ಕಳೆದುಹೋಗುತ್ತವೆ; ಕೈಯಲ್ಲಿ ಬರೆದ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ಬೆಲೆಯನ್ನಾಗಲಿ ಕಲಾವಿದರ ಹೆಸರನ್ನಾಗಲಿ ನೋಡಬೇಡಿ. ಒಂದು ಗಂಟೆ ಸುಮ್ಮನೆ ಸರಿಸುತ್ತ ಹೋಗಿ, ಬೆರಳು ತಾನಾಗಿ ನಿಂತ ಕಡೆ ನಿಲ್ಲಿ, ಹತ್ತು ಕೃತಿಗಳನ್ನು ಗುರುತು ಹಾಕಿಕೊಳ್ಳಿ. ಮರುದಿನ ಆ ಹತ್ತನ್ನು ಮತ್ತೆ ನೋಡಿ ಮೂರಕ್ಕೆ ಇಳಿಸಿ. ಹಿಂದಿನ ರಾತ್ರಿ ಬಣ್ಣದ ಬೆಡಗಿನಿಂದ ಸೆಳೆದ ಕೃತಿ ಬೆಳಗಿನ ಕಣ್ಣಿಗೆ ಸಪ್ಪೆ ಎನಿಸುವುದೂ, ನಿನ್ನೆ ಅರ್ಥವಾಗದ ಒಂದು ಬೂದು ಬಣ್ಣದ ಕಾಗದ ಇಂದು ಬಿಡದೆ ಕಾಡುವುದೂ ಉಂಟು. ಹಾಗೆ ಕಾಡಿದ್ದನ್ನೇ ಹಿಡಿದುಕೊಳ್ಳಿ.

ಅಳತೆ, ಸಾಮಗ್ರಿ, ಆವೃತ್ತಿ

ಪ್ರತಿ ಕೃತಿಯ ಕೆಳಗೆ ನಾಲ್ಕಾರು ಸಾಲಿನ ವಿವರವಿರುತ್ತದೆ: ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಸಾಮಗ್ರಿ, ಅಳತೆ. ಹೊಸಬರು ಹೆಚ್ಚಾಗಿ ಬಿಟ್ಟುಬಿಡುವುದು ಅಳತೆಯನ್ನು, ಹೆಚ್ಚಾಗಿ ಮೋಸಹೋಗುವುದೂ ಅಲ್ಲೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದವರು ತಯಾರಿಸುವ ರಾಷ್ಟ್ರಧ್ವಜವನ್ನೇ ನೆನೆಸಿಕೊಳ್ಳಿ. ಧ್ವಜಕ್ಕೆ ಒಂಬತ್ತು ಅಧಿಕೃತ ಅಳತೆಗಳಿವೆ. ಅತಿ ದೊಡ್ಡದು 21×14 ಅಡಿ, ಅತಿ ಚಿಕ್ಕದು 6×4 ಇಂಚು. ಎರಡರ ಪ್ರಮಾಣವೂ 3:2 ಆದುದರಿಂದ ಫೋನಿನ ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಒಂದು ಮೇಜಿನ ಮೇಲೆ ನಿಲ್ಲುವಂಥದ್ದು, ಇನ್ನೊಂದನ್ನು ಹಾರಿಸಲು ಎತ್ತರದ ಕಂಬ ಬೇಕು. ಚಿತ್ರಗಳ ವಿಷಯವೂ ಹೀಗೆಯೇ.

ಕೆಲವು ವರ್ಷಗಳ ಹಿಂದೆ ಧಾರವಾಡದ ಗೆಳೆಯರೊಬ್ಬರ ಗೃಹಪ್ರವೇಶಕ್ಕೆಂದು ನಾನು ಆನ್‌ಲೈನ್‌ನಲ್ಲಿ ಒಂದು ಪ್ರಿಂಟ್ ತರಿಸಿದ್ದೆ. ವಿವರದಲ್ಲಿ 20×28 ಎಂದಷ್ಟೇ ಇತ್ತು. ನಾನು ಇಂಚು ಎಂದು ಓದಿಕೊಂಡೆ, ಅದು ಸೆಂಟಿಮೀಟರ್ ಆಗಿತ್ತು. ಪಡಸಾಲೆಯ ದೊಡ್ಡ ಗೋಡೆಗೆಂದು ಆರಿಸಿದ ಚಿತ್ರ ಜೆರಾಕ್ಸ್ ಹಾಳೆಗಿಂತ ತುಸು ಚಿಕ್ಕದಾಗಿ ಬಂತು. ಅಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ: ಮನಸ್ಸಿಗೆ ಹಿಡಿಸಿದ ಕೃತಿಯ ಅಳತೆಯನ್ನು ಟೇಪಿನಿಂದ ಅಳೆದು, ಹಳೆಯ ದಿನಪತ್ರಿಕೆಯನ್ನು ಅಷ್ಟೇ ಕತ್ತರಿಸಿ ಗೋಡೆಗೆ ಅಂಟಿಸುತ್ತೇನೆ. ಅಳತೆ ಸೆಂಟಿಮೀಟರ್‌ನಲ್ಲಿದ್ದರೆ 2.54ರಿಂದ ಭಾಗಿಸಿದರೆ ಇಂಚು ಸಿಗುತ್ತದೆ. ಆ ಖಾಲಿ ಕಾಗದದ ಮುಂದೆ ನಿಂತಾಗ ಕಲಾವಿದರು ಕೈಯನ್ನು ಎಷ್ಟು ದೂರ ಚಾಚಿ ಬರೆದಿದ್ದಾರೆ, ನೋಡುವವರು ಎಷ್ಟು ಹತ್ತಿರ ಬರಬೇಕೆಂದು ಬಯಸಿದ್ದಾರೆ ಎಂಬುದು ಮೈಗೆ ತಿಳಿಯುತ್ತದೆ. ಕೊಳ್ಳದಿದ್ದರೂ ಇದನ್ನು ಒಮ್ಮೆ ಮಾಡಿ ನೋಡಿ.

ಝೂಮ್ ಮಾಡಿ ನೋಡಬೇಕಾದ ಚಿತ್ರಗಳು ಕೆಲವಿವೆ. ಮೈಸೂರಿನ ಎನ್.ಎಸ್. ಹರ್ಷ ಅವರು ಪಂಕ್ತಿಯಲ್ಲಿ ಊಟಕ್ಕೆ ಕುಳಿತ ನೂರಾರು ಜನರನ್ನು ಸಾಲುಸಾಲಾಗಿ ಬರೆದಿದ್ದಾರೆ. ಇಡೀ ಚಿತ್ರವನ್ನು ಫೋನಿನಲ್ಲಿ ನೋಡಿದರೆ ಅದು ಬಟ್ಟೆಯ ಮೇಲಿನ ನಮೂನೆಯಂತೆ ತೋರುತ್ತದೆ. ಹಿಗ್ಗಿಸಿದರೆ ಒಬ್ಬೊಬ್ಬರ ಕುಳಿತ ಭಂಗಿಯೂ ಬೇರೆ, ಮುಖವೂ ಬೇರೆ. ಇಂಥ ಕೃತಿಗಳನ್ನು ಸಾಧ್ಯವಾದಷ್ಟು ಕಂಪ್ಯೂಟರಿನ ದೊಡ್ಡ ಪರದೆಯಲ್ಲೇ ನೋಡಬೇಕು. ಬಣ್ಣದ ವಿಷಯದಲ್ಲಿ ಮಾತ್ರ ಯಾವ ಪರದೆಯನ್ನೂ ಪೂರ್ತಿ ನಂಬಬಾರದು. ಮನೆಯಲ್ಲಿರುವ ಇಳಕಲ್ ಸೀರೆಯ ಸೆರಗಿನ ಫೋಟೋ ತೆಗೆದು ಅದರ ಪಕ್ಕಕ್ಕೆ ಫೋನನ್ನು ಹಿಡಿದು ನೋಡಿದರೆ ನಿಮ್ಮ ಪರದೆ ಕೆಂಪನ್ನು ಎತ್ತ ಎಳೆಯುತ್ತದೆ ಎಂಬುದು ಗೊತ್ತಾಗುತ್ತದೆ, ಮುಂದೆ ಆ ಅಂದಾಜಿನಲ್ಲೇ ನೋಡಬಹುದು.

ಸಾಮಗ್ರಿಯ ಸಾಲನ್ನು ಓದುವಾಗ ನಮ್ಮ ಊರಿನ ತಿಳಿವಳಿಕೆ ಬಹಳ ಕೆಲಸಕ್ಕೆ ಬರುತ್ತದೆ, ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಷೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2009ರಲ್ಲಿ ಪ್ರದರ್ಶನಗೊಂಡಿತು, ಈಗ ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೆಣೆದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ, ಅದರಲ್ಲಿ ತೂಗುಬಿದ್ದ ಕಾರಿನ ಬಂಪರ್‌ಗಳು; ಸಾಮಗ್ರಿ ಇಷ್ಟೇ. ದೃಷ್ಟಿ ತಾಕದಿರಲೆಂದು ವಾಹನದ ಬಂಪರಿಗೆ ಕೂದಲಿನ ಹಗ್ಗ ಕಟ್ಟುವ ರೂಢಿಯನ್ನು ಬಲ್ಲವರಿಗೆ ಆ ಕೃತಿಯ ಬಾಗಿಲು ಅರ್ಧ ತೆರೆದಂತೆಯೇ. ವಿದೇಶದ ಪ್ರೇಕ್ಷಕರು ಅಡಿಟಿಪ್ಪಣಿ ಓದಿ ತಿಳಿಯಬೇಕಾದುದು ನಮ್ಮ ಲಾರಿ ಚಾಲಕರಿಗೆ ಮೊದಲೇ ಗೊತ್ತು. ಕೂದಲು ಎಲ್ಲಿಂದ ಬಂತು, ಮುಡಿ ಕೊಟ್ಟವರು ಏನು ಹರಕೆ ಹೊತ್ತಿದ್ದರು, ಅಷ್ಟು ಭಾರದ ಉಕ್ಕನ್ನು ಅಷ್ಟು ಹಗುರವಾದ ಎಳೆ ಹೊತ್ತು ನಿಂತದ್ದು ಹೇಗೆ ಎಂದು ಕೇಳಿಕೊಳ್ಳುತ್ತ ಹೋದರೆ ಕೃತಿ ತಾನೇ ಮಾತಾಡತೊಡಗುತ್ತದೆ. ಆದ್ದರಿಂದ ‘ಸಮಕಾಲೀನ ಕಲೆ ನಮಗೆ ತಿಳಿಯುವುದಿಲ್ಲ’ ಎಂದು ಹಿಂದೆ ಸರಿಯುವ ಅಗತ್ಯವಿಲ್ಲ.

ಇನ್ನು ‘3/25’ ಎಂಬಂಥ ಸಂಖ್ಯೆ ಕಂಡರೆ ಅದು ಆವೃತ್ತಿಯ ಗುರುತು. ಒಟ್ಟು 25 ಪ್ರತಿಗಳಲ್ಲಿ ಇದು ಮೂರನೆಯದು ಎಂದರ್ಥ. ಎಚಿಂಗ್ (ಲೋಹದ ತಗಡಿನ ಅಚ್ಚು), ಲಿಥೋಗ್ರಾಫ್ (ಕಲ್ಲಚ್ಚು), ಮರದ ಅಚ್ಚಿನ ಪ್ರಿಂಟ್‌ಗಳಲ್ಲಿ ಸಾಮಾನ್ಯವಾಗಿ ಅಚ್ಚು ಕಲಾವಿದರ ಕೈಯದೇ ಆಗಿರುತ್ತದೆ. ‘ಜಿಕ್ಲೇ’ ಎಂದಿದ್ದರೆ ಅದು ಉತ್ತಮ ದರ್ಜೆಯ ಇಂಕ್‌ಜೆಟ್ ಮುದ್ರಣ. ಅದರಲ್ಲಿ ತಪ್ಪೇನಿಲ್ಲ, ಆದರೆ ಎರಡಕ್ಕೂ ಒಂದೇ ಬೆಲೆ ಕೊಡಬಾರದು.

ಹೆಸರಿನ ಬೆನ್ನು ಹತ್ತುವುದು

ಮೂರು ಹೆಸರುಗಳು ನೋಟ್‌ಬುಕ್ಕಿಗೆ ಬಂದ ಮೇಲೆ ಮೇಳದ ಪುಟವನ್ನು ಮುಚ್ಚಿ. ನಿಜವಾದ ಹುಡುಕಾಟ ಇಲ್ಲಿಂದ ಮುಂದೆ. ಗ್ಯಾಲರಿಯ ಸ್ವಂತ ಜಾಲತಾಣದಲ್ಲಿ ಕಲಾವಿದರ ಪುಟ ತೆರೆದರೆ ಅವರ ಹಿಂದಿನ ಕೃತಿಗಳೂ ಪರಿಚಯಪತ್ರವೂ ಸಿಗುತ್ತವೆ. ಪರಿಚಯಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಎಲ್ಲಿ ಓದಿದರು, ಮೊದಲ ಪ್ರದರ್ಶನ ಎಲ್ಲಿ, ಯಾವ ವರ್ಷಗಳಲ್ಲಿ ಮೌನವಾಗಿದ್ದರು, ಕೆಲಸ ಯಾವಾಗ ತಿರುವು ಪಡೆಯಿತು ಎಂಬುದು ಆ ಕ್ರಮದಲ್ಲಿ ಕಾಣುತ್ತದೆ. ಹತ್ತು ವರ್ಷಗಳ ಕೃತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಬಗೆಯಲ್ಲಿ ಕೇಳುತ್ತಿರುವವರು ಯಾರು, ಮಾರಾಟವಾದ ನಮೂನೆಯನ್ನೇ ಮತ್ತೆ ಮತ್ತೆ ಬರೆಯುತ್ತಿರುವವರು ಯಾರು ಎಂಬುದು ಮುಚ್ಚಿಡಲಾಗದಂತೆ ಹೊರಬೀಳುತ್ತದೆ.

ಷೀಲಾ ಗೌಡ ಅವರ ಹೆಸರನ್ನೇ ಹಿಡಿದು ಹೋಗೋಣ. ಪರಿಚಯಪತ್ರದ ಕೆಳಗಿನ ಸಾಲುಗಳಲ್ಲಿ ಬೆಂಗಳೂರಿನ ಕೆನ್ ಕಲಾಶಾಲೆಯ ಹೆಸರು ಸಿಗುತ್ತದೆ. ಅದನ್ನು ಕಟ್ಟಿದವರು ಆರ್.ಎಂ. ಹಡಪದ, ಬಾದಾಮಿಯವರು. ವೆನಿಸ್‌ನಿಂದ ಹೊರಟ ಹುಡುಕಾಟ ಎರಡೇ ಹೆಜ್ಜೆಯಲ್ಲಿ ಮಲಪ್ರಭೆಯ ಸೀಮೆಗೆ ಬಂದು ನಿಲ್ಲುತ್ತದೆ. ಹಡಪದ ಅವರ ಶಿಷ್ಯರು ಇನ್ನಾರು, ಅವರೆಲ್ಲ ಈಗ ಏನು ಮಾಡುತ್ತಿದ್ದಾರೆ ಎಂದು ನೋಡಹೊರಟರೆ ಮತ್ತೆ ನಾಲ್ಕಾರು ಹೆಸರುಗಳು ತೆರೆದುಕೊಳ್ಳುತ್ತವೆ. ಒಬ್ಬ ಕಲಾವಿದರಿಂದ ಅವರ ಗುರುಗಳಿಗೆ, ಗುರುಗಳಿಂದ ಸಹಪಾಠಿಗಳಿಗೆ, ಒಂದು ಗುಂಪು ಪ್ರದರ್ಶನದಿಂದ ಅದರಲ್ಲಿ ಭಾಗವಹಿಸಿದ ಉಳಿದವರಿಗೆ ಹೀಗೆ ಹೋಗುವುದು ಮೇಳದ ಶಿಫಾರಸುಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಓದಲು ಹಾಂಗ್‌ಕಾಂಗ್‌ನ ಏಷ್ಯಾ ಆರ್ಟ್ ಆರ್ಕೈವ್ ಇದೆ. ಭಾರತದ ಅನೇಕ ಕಲಾವಿದರ ಕಾಗದಪತ್ರ, ಫೋಟೋ, ಕರಪತ್ರಗಳು ಅಲ್ಲಿ ಉಚಿತವಾಗಿ ನೋಡಸಿಗುತ್ತವೆ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಕಟ್ಟಡಕ್ಕಿಂತ ಮೊದಲು, 2020ರ ಡಿಸೆಂಬರ್‌ನಲ್ಲಿ, ಡಿಜಿಟಲ್ ರೂಪದಲ್ಲಿಯೇ ತೆರೆದುಕೊಂಡಿತ್ತು. ಯಾರ ಕೃತಿ ಎಂದು ಗೊತ್ತಿಲ್ಲದ ಚಿತ್ರ ಕಂಡರೆ ಗೂಗಲ್ ಲೆನ್ಸ್‌ನಿಂದ ಮೂಲ ಹುಡುಕಿ. ಕಲಾವಿದರ ಇನ್‌ಸ್ಟಾಗ್ರಾಂ ಪುಟವೂ ಉಪಯುಕ್ತವೇ, ಮುಖ್ಯವಾಗಿ ಅರ್ಧ ಮುಗಿದ ಕೆಲಸಗಳನ್ನು ನೋಡಲು.

ವಿನ್ಯಾಸ ನೋಡುವಾಗ

ಇಂಡಿಯಾ ಆರ್ಟ್ ಫೇರ್ 2024ರಿಂದ ವಿನ್ಯಾಸಕ್ಕೂ ಪ್ರತ್ಯೇಕ ವಿಭಾಗ ತೆರೆದಿದೆ. ಕುರ್ಚಿ, ದೀಪ, ನೆಲಹಾಸು, ಮಡಕೆ, ಬಟ್ಟೆ, ಇವೆಲ್ಲ ಈಗ ಕಲಾಮೇಳದಲ್ಲಿ ಚಿತ್ರದ ಪಕ್ಕಕ್ಕೆ ಬಂದು ಕುಳಿತಿವೆ. ಇಲ್ಲಿ ನಾವು ಬರಿಗೈಯಲ್ಲಿ ಹೋಗುವವರಲ್ಲ. ಕಸೂತಿ ನಮ್ಮದು, ನವಲಗುಂದದ ಹೆಣ್ಣುಮಕ್ಕಳು ಮನೆಯೊಳಗಿನ ನೆಟ್ಟಗಿನ ಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಜಮಖಾನವೂ ನಮ್ಮದು.

ಕಸೂತಿಯಿಂದ ಪ್ರೇರಣೆ ಪಡೆದ ಗೋಡೆಬಟ್ಟೆಯೊಂದು ಮೇಳದಲ್ಲಿ ಕಂಡಿತು ಎಂದುಕೊಳ್ಳೋಣ. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲ ಇವೆ. ಮೊದಲು ಕೇಳಬೇಕಾದದ್ದು ಹಿಂಬದಿಯ ಫೋಟೋ. ಕಸೂತಿಯ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿಯನ್ನು ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ಆಗಿ ಕಾಣುತ್ತವೆ. ನೇಯ್ಗೆ ಮತ್ತು ಮೆಂಥಿ ಎಂಬ ಉಳಿದೆರಡು ಹೊಲಿಗೆಗಳಲ್ಲಿ ಹಾಗಿರುವುದಿಲ್ಲ. ಯಂತ್ರದಲ್ಲಿ ಹೊಲಿದಿದ್ದರೆ ಹಿಂಬದಿಯಲ್ಲಿ ಬೇರೆಯೇ ದಾರದ ಒತ್ತಾದ ಪದರ ಕಾಣುತ್ತದೆ. ಪರದೆಯ ಮೇಲೆ ಮುಂಬದಿ ಎಷ್ಟೇ ಅಂದವಾಗಿರಲಿ, ಕೈಕೆಲಸದ ಸಾಕ್ಷಿ ಬೆನ್ನಲ್ಲಿರುತ್ತದೆ. ನಮ್ಮ ಅಜ್ಜಿಯಂದಿರು ಸೀರೆ ಕೊಳ್ಳುವಾಗ ಸೆರಗು ಮಗುಚಿ ನೋಡುತ್ತಿದ್ದುದು ಇದಕ್ಕೇ.

ಎರಡನೆಯ ಪ್ರಶ್ನೆ, ಇದನ್ನು ಯಾರು ಹೊಲಿದರು ಎಂಬುದು. ವಿನ್ಯಾಸಕಾರರ ಹೆಸರು ದೊಡ್ಡದಾಗಿಯೂ ನೇಯ್ದವರ, ಹೊಲಿದವರ ಹೆಸರು ಎಲ್ಲಿಯೂ ಇಲ್ಲದೆಯೂ ಇರುವ ಪುಟಗಳನ್ನು ನಾನು ಬಹಳ ಕಂಡಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ. ‘ಸ್ಥಳೀಯ ಕುಶಲಕರ್ಮಿಗಳು’ ಎಂಬ ಒಂದೇ ಮಾತಿನಲ್ಲಿ ತಿಂಗಳುಗಟ್ಟಲೆ ಕಣ್ಣು ಸವೆಸಿದ ಹೆಣ್ಣುಮಕ್ಕಳನ್ನು ಮುಗಿಸಿಬಿಡುವುದು ನ್ಯಾಯವಲ್ಲ. ಆ ಹೆಸರುಗಳನ್ನು ಕೇಳಿ ಇಮೇಲ್ ಬರೆಯಿರಿ. ಸರಿಯಾಗಿ ಉತ್ತರಿಸುವ ಸಂಸ್ಥೆಗಳೂ ಇವೆ. ಅವುಗಳನ್ನು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಗುರುತು ಹಾಕಿಕೊಳ್ಳಿ.

ವಿಚಾರಣೆ ಮತ್ತು ಖರೀದಿ

ಅನೇಕ ಕೃತಿಗಳ ಎದುರು ಬೆಲೆ ಇರುವುದಿಲ್ಲ, ‘ಕೇಳಿದರೆ ತಿಳಿಸಲಾಗುವುದು’ ಎಂದಿರುತ್ತದೆ. ಕೇಳಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ. ‘ನಾನು ಹುಬ್ಬಳ್ಳಿಯ ಕಲಾಸಕ್ತ. ಈ ಕೃತಿಯ ಬೆಲೆ, ಇದೇ ಸರಣಿಯ ಇತರ ಕೃತಿಗಳ ಚಿತ್ರ, ಓರೆಬೆಳಕಿನಲ್ಲಿ ತೆಗೆದ ಒಂದು ಫೋಟೋ ಹಾಗೂ ಕಲಾವಿದರ ಬಗ್ಗೆ ಬರಹವಿದ್ದರೆ ಅದನ್ನೂ ಕಳುಹಿಸಿ’ ಎಂದು ನಾಲ್ಕು ಸಾಲು ಬರೆದರೆ ಸಾಕು. ಓರೆಬೆಳಕಿನ ಫೋಟೋದಲ್ಲಿ ಬಣ್ಣದ ದಪ್ಪ, ಕಾಗದದ ಮಡಿಕೆ, ಕ್ಯಾನ್ವಾಸಿನ ಸುಕ್ಕು ಎಲ್ಲ ಎದ್ದು ಕಾಣುತ್ತವೆ. ಗ್ಯಾಲರಿಯ ತರುಣ ಸಿಬ್ಬಂದಿ ಇಂಥ ಪತ್ರಗಳಿಗೆ ಬಹಳ ಸಲ ಉತ್ಸಾಹದಿಂದಲೇ ಉತ್ತರಿಸುತ್ತಾರೆ.

ಕೊಳ್ಳುವುದೇ ಆದರೆ ಹಣ ಕಳುಹಿಸುವ ಮುನ್ನ ಜಿಎಸ್‌ಟಿ, ಪ್ಯಾಕಿಂಗ್, ಸಾಗಣೆ, ವಿಮೆ ಎಲ್ಲ ಸೇರಿದ ಒಟ್ಟು ಮೊತ್ತವನ್ನು ಬರವಣಿಗೆಯಲ್ಲಿ ಪಡೆಯಿರಿ; ಹೊರದೇಶದ ಕೃತಿಯಾದರೆ ಕಸ್ಟಮ್ಸ್ ಸುಂಕ ಯಾರ ಪಾಲಿಗೆ ಎಂಬುದನ್ನೂ ಕೇಳಿ. ಕಲಾವಿದರ ಸಹಿಯುಳ್ಳ ದೃಢೀಕರಣ ಪತ್ರ ಮತ್ತು ಬಿಲ್ಲು ಜೊತೆಗೇ ಬರಬೇಕು. ಕೃತಿ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರಲ್ಲೇ ಉಳಿಯುತ್ತದೆ, ಅದನ್ನು ಕ್ಯಾಲೆಂಡರಿಗೋ ಲಗ್ನಪತ್ರಿಕೆಗೋ ಅಚ್ಚು ಹಾಕಿಸುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಕೃತಿಯೊಂದು ಮುಂದೆ 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಪಾಲು ಸಲ್ಲಬೇಕು, ಅದು ಶೇಕಡ 10ನ್ನು ಮೀರುವಂತಿಲ್ಲ. ಧಾರವಾಡದ ಮಳೆಗಾಲದ ತೇವಕ್ಕೆ ಕಾಗದದ ಕೃತಿಗಳು ಬೇಗ ಬೂಸ್ಟು ಹಿಡಿಯುತ್ತವೆ. ಗಾಜಿಗೂ ಕಾಗದಕ್ಕೂ ನಡುವೆ ಅಂತರ ಬಿಟ್ಟು ಫ್ರೇಮ್ ಹಾಕಿಸಿ, ಹೊರಗೋಡೆಗೆ ತೂಗುಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ವರ್ಷಕ್ಕೆ ಒಮ್ಮೆಯಾದರೂ ಪರದೆಯ ಮೇಲೆ ನೋಡಿದ ಹೆಸರೊಂದರ ನಿಜವಾದ ಕೃತಿಯ ಎದುರು ನಿಲ್ಲಬೇಕು. ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಜನವರಿಯ ಚಿತ್ರಸಂತೆ, ಡಿಸೆಂಬರಿನಲ್ಲಿ ಪಣಜಿಯ ಸೆರೆಂಡಿಪಿಟಿ ಕಲಾ ಉತ್ಸವ ಇವೆಲ್ಲ ನಮ್ಮಿಂದ ಒಂದು ರಾತ್ರಿಯ ಪ್ರಯಾಣದೊಳಗಿವೆ. ಇನ್ನೂ ಹತ್ತಿರದಲ್ಲಿ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಶಿಲ್ಪದ ಅಳತೆ ಎಂದರೇನು ಎಂಬುದನ್ನು ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ಈ ಭಾಗದಲ್ಲಿಲ್ಲ.

ಧಾರವಾಡ, ಹುಬ್ಬಳ್ಳಿ, ಗದಗಿನ ಕಲಾಶಾಲೆಗಳ ವಿದ್ಯಾರ್ಥಿಗಳು ಪ್ರದರ್ಶನ ಇಟ್ಟಾಗಲೂ ಅದೇ ನೋಟ್‌ಬುಕ್ ಹಿಡಿದು ಹೋಗಿ. ಮೇಳದಲ್ಲಿ ಮಾಡಿದಂತೆ ಇಲ್ಲಿಯೂ ಒಂದು ಸುತ್ತು ಹೆಸರು ನೋಡದೆ ತಿರುಗಿ, ಕಾಲು ನಿಂತ ಕಡೆ ನಿಂತು, ಆಮೇಲೆ ಚೀಟಿ ಓದಿ. ವಿದ್ಯಾರ್ಥಿ ಪಕ್ಕದಲ್ಲಿಯೇ ಇದ್ದರೆ ಆ ಬಣ್ಣ ಯಾಕೆ, ಆ ಕಾಗದ ಎಲ್ಲಿಯದು ಎಂದು ಕೇಳಿ, ದೆಹಲಿಯ ಮೇಳದಿಂದ ಇಳಿಸಿಕೊಂಡ ಮೂರು ಹೆಸರುಗಳ ಕೆಳಗೆಯೇ ಆ ಹುಡುಗನ ಅಥವಾ ಹುಡುಗಿಯ ಹೆಸರನ್ನೂ ಅಂದಿನ ದಿನಾಂಕವನ್ನೂ ಬರೆದುಕೊಳ್ಳಿ.